ಪಿ.ಟಿ. ಮೇಷ್ಟ್ರಾಗಲಿರುವ ಅಳಿಯನಿಗೆ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರ ಕೆಲಸ ಸಿಕ್ಕಿದೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ‘ಮಂಡಿ ನೆಟ್ಟಗಿದ್ದಿದ್ದರೆ ಈ ಕೆಲಸ ಯಾರಿಗೆ ಬೇಕಿತ್ತು’ ಅಂದೆಯಂತೆ. ಯೂನಿವರ್ಸಿಟಿ ತಂಡಕ್ಕೆ ಆಡಿದವನು ನೀನು, ನಿನ್ನ ನೋವು ನನಗೆ ಗೊತ್ತು. ಆದರೂ ಆ ಮಾತು ಕೇಳಿ ಬೇಜಾರಾಯಿತು.

ಅಲೊಂಜೊ ಸ್ಟ್ಯಾಗ್ ಅಂತ ಒಬ್ಬರಿದ್ದರು. ಅಮೆರಿಕದ ನ್ಯೂಜೆರ್ಸಿಯಲ್ಲಿ ಬೂಟು ಹೊಲಿಯುವವರ ಮಗ. ಯೇಲ್ ವಿಶ್ವವಿದ್ಯಾಲಯಕ್ಕೆ ಫುಟ್‌ಬಾಲ್ ಆಡಿದರು. ನಮ್ಮದಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅವರ ಫುಟ್‌ಬಾಲ್. 1889ರಲ್ಲಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಹನ್ನೊಂದು ಜನರನ್ನು ಆರಿಸಿದಾಗ ಅವರೂ ಒಬ್ಬರು. ಬೇಸ್‌ಬಾಲ್ ಕೂಡ ಅಷ್ಟೇ ಚೆನ್ನಾಗಿ ಆಡುತ್ತಿದ್ದರು. ದುಡ್ಡು ಕೊಡುತ್ತೇವೆ ಬಾ ಎಂದು ದೊಡ್ಡ ತಂಡಗಳು ಕರೆದರೂ ಹೋಗಲಿಲ್ಲ.

ಅವರು ಹೋದದ್ದು ಸ್ಪ್ರಿಂಗ್‌ಫೀಲ್ಡ್ ಎಂಬ ಊರಿಗೆ. ಅಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘಕ್ಕೆ ವ್ಯಾಯಾಮ ಕಲಿಸುವವರನ್ನು ತಯಾರು ಮಾಡುವ ಶಾಲೆ ಇತ್ತು, ಅಲ್ಲಿ ಕಲಿಸಲಿಕ್ಕೆ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಅಲ್ಲಿ. 1892ರಲ್ಲಿ ಮೇಷ್ಟ್ರುಗಳಿಗೂ ಹುಡುಗರಿಗೂ ಪಂದ್ಯ ಆಯಿತು. ಮೇಷ್ಟ್ರುಗಳು 5–1ರಲ್ಲಿ ಸೋತರು. ಆ ಒಂದು ಬ್ಯಾಸ್ಕೆಟ್ ಸ್ಟ್ಯಾಗ್ ಅವರದು. ನಾನು ಓದಿದ ಮದ್ರಾಸಿನ ವೈಎಂಸಿಎ ಕಾಲೇಜನ್ನು 1920ರಲ್ಲಿ ಶುರು ಮಾಡಿದ ಹ್ಯಾರಿ ಬಕ್ ಕಲಿತದ್ದೂ ಸ್ಪ್ರಿಂಗ್‌ಫೀಲ್ಡ್‌ನಲ್ಲೇ. ನಮ್ಮ ಕಸುಬಿಗೂ ಒಂದು ವಂಶವೃಕ್ಷ ಇದೆ ಕಣೋ.

ಆ ಪಂದ್ಯ ನಡೆದ ವರ್ಷವೇ, 1892ರಲ್ಲಿ, ಷಿಕಾಗೊ ವಿಶ್ವವಿದ್ಯಾಲಯ ಸ್ಟ್ಯಾಗ್ ಅವರನ್ನು ಕರೆಯಿತು. ಸುಮ್ನೆ ಕೋಚ್ ಅಂತ ಅಲ್ಲ, ಪಾಠ ಹೇಳುವ ಪ್ರಾಧ್ಯಾಪಕರ ಸಾಲಿನಲ್ಲೇ ಕೂರಿಸಿತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಅಲ್ಲಿ 41 ಸೀಸನ್ ಕಲಿಸಿದರು. 70 ತುಂಬಿತು, ಇನ್ನು ಸಾಕು ಅಂದರು ಅಲ್ಲಿಯವರು. ಇವರು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಾಲೇಜಿಗೆ ಹೋಗಿ ಮತ್ತೆ 14 ಸೀಸನ್ ಕಲಿಸಿದರು! 1943ರಲ್ಲಿ, 81ನೇ ವಯಸ್ಸಿನಲ್ಲಿ, ವರ್ಷದ ಕೋಚ್ ಎನಿಸಿಕೊಂಡರು. ಆಟ ಕೈಬಿಟ್ಟಿದ್ದಕ್ಕೆ ಸಿಕ್ಕ ಸಮಾಧಾನದ ಕೆಲಸ ಅಂದುಕೊಂಡವನು ಇಷ್ಟು ವರ್ಷ ಮೈದಾನದಲ್ಲಿ ನಿಲ್ಲುತ್ತಾನಾ ಹೇಳು?

ನನ್ನದೊಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಚೆನ್ನಾಗಿ ಆಡುವ ಹತ್ತು ಹನ್ನೆರಡು ಹುಡುಗರನ್ನು ಬಿಟ್ಟರೆ ಬೇರೆಯವರ ಹೆಸರನ್ನೂ ನಾನು ಕಲಿಯಲಿಲ್ಲ. ಒಬ್ಬ ದಪ್ಪ ಹುಡುಗ ದಿನಾ ಕೋಣೆಯಿಂದ ಚೆಂಡುಗಳನ್ನು ಹೊತ್ತು ತರುತ್ತಿದ್ದ. ಒಂದು ದಿನವೂ ‘ನೀನೂ ಆಡು ಬಾರೋ’ ಅನ್ನಲಿಲ್ಲ. ದೀಪಾವಳಿ ರಜೆ ಆದ ಮೇಲೆ ಅವನು ಮೈದಾನಕ್ಕೆ ಬರುವುದನ್ನೇ ಬಿಟ್ಟ. ಅವನ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ.

ನೀನು ಮೊದಲ ವಾರವೇ ಹಾಜರಿ ಪುಸ್ತಕ ಹಿಡಿದು ಎಲ್ಲರ ಹೆಸರು ಕಲಿ. ಗೋಡೆಗೆ ಒರಗಿ ನಿಲ್ಲುವವರನ್ನು ಮೊದಲು ಆಡಿಸು. ಕೆಲಸಕ್ಕೆ ಸೇರುವ ಮುಂಚೆ ಎರಡು ದಿನ ಊರಿಗೆ ಬಾ. ಮಂಡಿಗೆ ಭಾರ ಬೀಳದ ಹಾಗೆ ನಿಂತಲ್ಲೇ ಕಲಿಸುವುದು ಹೇಗೆ ಅಂತ ತೋರಿಸುತ್ತೇನೆ.

ಇಂತಿ ನಿನ್ನ ಮಾವ