ಸೊಸೈಟಿಯಲ್ಲಿ ಸಿಕ್ಕ ಅಕ್ಕನಿಗೆ

ಅಪ್ಪನ ಬೆಳೆ ಸಾಲದ ಕಾಗದ ನೋಡಿಕೊಟ್ಟ ಅಕ್ಕ, ನಿಮಗೆ ದೊಡ್ಡ ಥ್ಯಾಂಕ್ಸ್. ನೀವು ಸೊಸೈಟಿಯ ಸಿಬ್ಬಂದಿಯಲ್ಲ, ನಮ್ಮ ಹಾಗೇ ಸರದಿಯಲ್ಲಿ ನಿಂತಿದ್ದ ಸದಸ್ಯರು. ಶೂನ್ಯ ಬಡ್ಡಿ ಅಂದರೆ ಯಾವಾಗ ಕಟ್ಟಿದರೂ ನಡೆಯುತ್ತೆ ಅಂತ ಅಪ್ಪ ನಂಬಿದ್ದರು. ಗಡುವು ದಾಟಿದರೆ ಆ ರಿಯಾಯಿತಿ ಸಿಗಲ್ಲ, ಬಡ್ಡಿ ಬೀಳುತ್ತೆ ಅಂತ ದಿನಾಂಕ ತೋರಿಸಿ ಹೇಳಿದಿರಿ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದದ್ದನ್ನು ಕಂಡವರೂ ನೀವೇ. "ಮಹಾಸಭೆಗೆ ಬನ್ನಿ ಯಜಮಾನ್ರೇ, ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಓಟು" ಅಂತ ಗದರಿದಿರಲ್ಲ, ನನಗೆ ಅದೇ ಜಾಸ್ತಿ ಇಷ್ಟವಾಯಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದ ರೈತರು ಇಂಥದ್ದೇ ಸಹಕಾರ ಸಂಘ ಕಟ್ಟಿದ್ದು ಇಂಥ ಹಕ್ಕಿಗೇ ಅಲ್ವಾ? ಈ ಸಲ ಅಪ್ಪ ಸಭೆಗೆ ಬರುತ್ತಾರೆ. ಕಂಡರೆ ಮಾತಾಡಿಸಿ ಅಕ್ಕ.