ಗೋಣಿಕೊಪ್ಪದ ಬಸ್ ನಿಲ್ದಾಣದಲ್ಲಿ ಸಿಕ್ಕ ಅಣ್ಣನಿಗೆ

ಕಳೆದ ಮಳೆಗಾಲದಲ್ಲಿ ಗೋಣಿಕೊಪ್ಪದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಅಣ್ಣ, ನಿಮ್ಮ ಹೆಸರು ಕೇಳುವಷ್ಟರಲ್ಲಿ ವಿರಾಜಪೇಟೆ ಬಸ್ ಬಂದುಬಿಟ್ಟಿತು. ಈ ಧನ್ಯವಾದ ನಿಮಗೆ.

ನಾನು ಕೂಡಿಟ್ಟಿರುವ ಹತ್ತೊಂಬತ್ತು ಮಡಚುಚಾಕುಗಳಲ್ಲಿ ಅಂದು ನೀವು ಸರಿಮಾಡಿಕೊಟ್ಟ ಕೆಂಪು ಹಿಡಿಯ ವಿಕ್ಟೋರಿನಾಕ್ಸ್ ಮೊದಲನೆಯದು. 1897ರಲ್ಲಿ ಕಾರ್ಲ್ ಎಲ್ಸೆನರ್ ರೂಪಿಸಿದ ಸ್ವಿಸ್ ಚಾಕುವಿನ ವಂಶದ್ದು. ಹಿಡಿಯ ಎರಡೂ ಬದಿಯ ಅಲಗುಗಳಿಗೆ ಒಂದೇ ಸ್ಪ್ರಿಂಗ್ ಆಸರೆ. ಎಷ್ಟು ಸಲ ನೋಡಿದರೂ ನನಗೆ ತಣಿಯದ ಬೆರಗು ಅದು. ತೋಟದಲ್ಲಿ ಹಲಸು ಕೊಯ್ದು ಒರೆಸದೆ ಮಡಚಿದ್ದೆ. ಅಂಟು ಗಟ್ಟಿಯಾಗಿ ಅಲಗು ಏಳಲೇ ಇಲ್ಲ. ಇಕ್ಕಳ ಹಾಕಿ ಎಳೆಯಲು ಹೊರಟಿದ್ದೆ.

"ಬೇಡ, ಅಲಗಿನಲ್ಲಿ ಉಗುರು ಸಿಕ್ಕಿಸುವ ಕಚ್ಚು ಮುರಿದೀತು," ಎಂದು ತಡೆದಿರಿ. ಚೀಲದಿಂದ ತೆಂಗಿನೆಣ್ಣೆಯ ಪುಟ್ಟ ಶೀಶೆ ತೆಗೆದು ಕೀಲಿಗೆ ಮೂರೇ ಹನಿ ಬಿಟ್ಟಿರಿ. ಅಂಗೈಯಲ್ಲಿ ಹಿಡಿದು ಬಿಸಿ ಮಾಡಿದಿರಿ. ಕಡ್ಡಿಗೆ ಬಟ್ಟೆ ಸುತ್ತಿ ಸಂದಿನ ಕಪ್ಪು ಅಂಟನ್ನೆಲ್ಲ ತೆಗೆದಿರಿ. ಟಕ್ ಎಂದು ಅಲಗು ತೆರೆದಾಗ ನನಗಿಂತ ನೀವೇ ಹೆಚ್ಚು ನಕ್ಕಿರಿ. ಕಾಫಿ ಕುಡಿಯೋಣ ಎಂದರೂ ಒಪ್ಪಲಿಲ್ಲ.

ಈ ಸಲದ ಕೈಲ್ ಮುಹೂರ್ತದಲ್ಲಿ, ಅಂದರೆ ಕೊಡವರ ಆಯುಧಪೂಜೆಯ ಹಬ್ಬದಲ್ಲಿ, ಕೋವಿ ಮತ್ತು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಗಳ ಪಕ್ಕ ಅದನ್ನೂ ಇಟ್ಟು ತೋಕ್‌ಪೂ (ಕೋವಿ ಹೂ) ಮುಡಿಸಿದೆವು. ನಿಮ್ಮನ್ನು ನೆನೆದೆ, ಅಣ್ಣ.