ಬೋರ್‌ವೆಲ್ ಪಕ್ಕದಲ್ಲಿ ಫ್ಲೋರೈಡ್ ಅಂಕಿ ಬರೆಸಿ

ಮಾನ್ಯರೇ,

ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಇಂದಿಗೆ 23 ದಿನ. ಕೊಪ್ಪಳ ಜಿಲ್ಲೆಯ ಒಣಬೇಸಾಯದ ಊರು ನಮ್ಮದು. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು ಬರುತ್ತಿತ್ತು. ಈಗ ಬೈಕ್ ಇರುವವರು ನಾಲ್ಕು ಕಿಲೋಮೀಟರ್ ಆಚೆಯಿಂದ ತರುತ್ತಾರೆ, ಇಲ್ಲದವರು ಬೋರ್‌ವೆಲ್ ನೀರನ್ನೇ ಕುಡಿಯುತ್ತಿದ್ದಾರೆ. ಅದರಲ್ಲಿ ಹಲ್ಲು, ಎಲುಬು ಕೆಡಿಸುವ ಫ್ಲೋರೈಡ್ ಎಷ್ಟಿದೆ ಎಂಬುದು ಅವರಿಗೆ ಗೊತ್ತಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆರೋಗ್ಯ ಸಹಾಯಕನಾಗಿ ಇದೇ ಸೀಮೆಯಲ್ಲಿ ಓಡಾಡಿದ ನನಗೂ ಗೊತ್ತಿಲ್ಲ.

ನಾನು ಕೆಲಸಕ್ಕೆ ಸೇರಿದ್ದು 1986ರಲ್ಲಿ, ಇದು ಇನ್ನೂ ರಾಯಚೂರು ಜಿಲ್ಲೆಯಾಗಿದ್ದಾಗ. ಕೊಟ್ಟ ಮೊದಲ ಕೆಲಸ ನಾರುಹುಣ್ಣಿನ ರೋಗಿಗಳನ್ನು ಹುಡುಕುವುದು. ಇಂದಿನ ಹುಡುಗರು ಈ ಹೆಸರನ್ನೇ ಕೇಳಿರಲಿಕ್ಕಿಲ್ಲ. ಮೆಟ್ಟಿಲಿಳಿದು ನೀರು ತುಂಬುವ ಪಾವಟಿಗೆ ಬಾವಿಯ ನೀರಿನೊಂದಿಗೆ ಮರಿಹುಳು ಹೊಟ್ಟೆ ಸೇರುತ್ತಿತ್ತು. ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಬಿಳಿ ದಾರದಂಥ ಹುಳು ಹೊರಗೆ ಇಣುಕುತ್ತಿತ್ತು. ಜಗ್ಗಿದರೆ ತುಂಡಾಗುತ್ತದೆ, ತುಂಡಾದರೆ ಕಾಲು ಬಾತುಕೊಂಡು ಕೀವಾಗುತ್ತದೆ. ಬೆಂಕಿಕಡ್ಡಿಗೆ ಸುತ್ತಿ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ತೆಗೆಯಬೇಕಿತ್ತು. ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದ ಒಬ್ಬ ರೈತ, ‘ಸಾಹೇಬರೇ, ಇದು ಪೂರಾ ಬರುವಷ್ಟರಲ್ಲಿ ಹೊಲದ ಹದ ಆರಿಹೋಗುತ್ತದೆ’ ಎಂದು ಅತ್ತದ್ದು ನನಗೆ ಇಂದಿಗೂ ಕೇಳಿಸುತ್ತದೆ. ನಾನು ಸುತ್ತಿದ ಎಷ್ಟೋ ಊರುಗಳಲ್ಲಿ ದಲಿತರು ಆ ಪಾವಟಿಗೆ ಇಳಿಯುವಂತೆಯೂ ಇರಲಿಲ್ಲ. ಮೇಲೆ ಕೊಡ ಇಟ್ಟುಕೊಂಡು, ಯಾರಾದರೂ ಸುರಿದಾರೆಂದು ಬಿಸಿಲಿನಲ್ಲಿ ನಿಂತಿರುತ್ತಿದ್ದರು. ಹಾಗೆ ಕಾದು ಪಡೆದದ್ದೂ ಅದೇ ಹುಳುವಿನ ನೀರು.

ಈ ರೋಗಕ್ಕೆ ಲಸಿಕೆ ಇಲ್ಲ, ಗುಣಪಡಿಸುವ ಮಾತ್ರೆಯೂ ಇಲ್ಲ. ಬಾವಿಗಳಿಗೆ ಟೆಮೆಫಾಸ್ ಎಂಬ ಕೀಟನಾಶಕ ಹಾಕಿದೆವು, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೆ ಹೋಗಿ ತೋರಿಸಿದೆವು, ರೋಗಿಯನ್ನು ತಿಳಿಸಿದವರಿಗೆ ಬಹುಮಾನವೆಂದು ಗೋಡೆಗಳ ಮೇಲೆ ಬರೆಸಿದೆವು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಮುಕ್ತಿಯ ಪ್ರಮಾಣಪತ್ರ ಕೊಟ್ಟಿತು. ನಾನು ಕೆಲಸಕ್ಕೆ ಸೇರಿದ ವರ್ಷ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ರೋಗ 2023ರಲ್ಲಿ ಕಾಣಿಸಿಕೊಂಡದ್ದು 14 ಮಂದಿಯಲ್ಲಿ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದರ ಬೆನ್ನು ಹತ್ತಿ ದಶಕಗಳ ಕಾಲ ದುಡಿದರು. ಅವರು ತೀರಿಕೊಂಡ ಸುದ್ದಿ ಬಂದ ದಿನ, ನನ್ನ ಹಿರಿಯ ಅಧಿಕಾರಿಯೊಬ್ಬರು ಹೋದರೇನೋ ಎನ್ನುವಂತೆ ನನಗೆ ಸಂಕಟವಾಯಿತು.

ಆದರೆ ಆ ದಿನಗಳಲ್ಲಿ ‘ಪಾವಟಿಗೆ ಬಾವಿ ಬಿಡಿ, ಕೈಪಂಪಿನ ನೀರು ಕುಡಿಯಿರಿ’ ಎಂದು ಊರೂರಿಗೆ ಹೇಳಿದವರಲ್ಲಿ ನಾನೂ ಒಬ್ಬ. ಹುಳುವಿನ ಮಟ್ಟಿಗೆ ಆ ಮಾತು ಸರಿಯಾಗಿತ್ತು. ಆಮೇಲೆ ನೀರು ಆಳಕ್ಕೆ ಹೋಯಿತು, ಬೋರ್‌ವೆಲ್‌ಗಳೂ ಅದರ ಹಿಂದೆ ಹೋದವು. ಈ ಭಾಗದ ಬಂಡೆಗಳೊಳಗಿನ ಫ್ಲೋರೈಡ್ ನೀರಿನಲ್ಲಿ ಕರಗಿ ಮೇಲೆ ಬಂತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ‘ಕುದಿಸಿ, ಆರಿಸಿ ಕುಡಿಯಿರಿ’ ಎಂಬ ನಮ್ಮ ಹಳೆಯ ಪಾಠವೂ ಇಲ್ಲಿ ನಡೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಇದನ್ನು ನಾನು ತಡವಾಗಿ ಕಲಿತೆ. ಅಷ್ಟರಲ್ಲಿ ಎಷ್ಟು ತಾಯಂದಿರಿಗೆ ಕುದಿಸಲು ಹೇಳಿದ್ದೆನೋ!

ಶಾಲಾ ತಪಾಸಣೆಗೆ ಹೋದಾಗ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಹಲ್ಲಿನ ಮೇಲೆ ಕಂದು ಗೆರೆಗಳು. ಅವರ ಅಜ್ಜಿಯರಿಗೆ ಕುತ್ತಿಗೆ ತಿರುಗಿಸಲಾಗದು, ಕುಳಿತರೆ ಏಳಲಾಗದು. ಊರಿಗೆಲ್ಲ ಒಂದೇ ನೀರಲ್ಲವೇ ಎಂದು ಕೇಳುವವರಿದ್ದಾರೆ. ಹೊಲದಲ್ಲಿ ಬಿಸಿಲಿಗೆ ದುಡಿಯುವ ಹೆಂಗಸು ನೆರಳಿನಲ್ಲಿ ಕೂರುವವನಿಗಿಂತ ಎಷ್ಟೋ ಹೆಚ್ಚು ನೀರು ಕುಡಿಯುತ್ತಾಳೆ. ಅವಳ ಊಟದಲ್ಲಿ ಹಾಲಿಲ್ಲ, ಹಣ್ಣಿಲ್ಲ. ಆದ್ದರಿಂದ ಎಲುಬಿಗೆ ಪೆಟ್ಟು ಇನ್ನೂ ಜೋರು. ಘಟಕ ಸರಿಯಿದ್ದಾಗಲೂ ಬಡವರು ಅದರ ನೀರನ್ನು ಕುಡಿಯಲಷ್ಟೇ ಇಟ್ಟುಕೊಳ್ಳುತ್ತಾರೆ. ಬೇಳೆ ಬೇಯುವುದು, ನುಚ್ಚು ಕುದಿಯುವುದು ಬೋರ್‌ವೆಲ್ ನೀರಿನಲ್ಲೇ.

ನಮ್ಮಂಥ ಸ್ಥಿತಿಗೆ ಬಾಂಗ್ಲಾದೇಶವೂ ಬಿದ್ದಿತ್ತು. ವಾಂತಿಭೇದಿ ತಪ್ಪಿಸಲೆಂದು ಅಲ್ಲಿ ಲಕ್ಷಾಂತರ ಕೊಳವೆಬಾವಿ ಹಾಕಿಸಿದರು, ಎಷ್ಟೋ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಬಂತು. ಆಗ ಅವರು ಬಾವಿಗಳನ್ನು ಪರೀಕ್ಷಿಸಿ, ವಿಷವಿದ್ದ ಪಂಪುಗಳಿಗೆ ಕೆಂಪು ಬಣ್ಣ, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದ ಹೆಣ್ಣುಮಗಳಿಗೂ ಯಾವ ಪಂಪಿಗೆ ಕೊಡ ಒಡ್ಡಬೇಕೆಂದು ತಿಳಿಯಿತು.

ನಮ್ಮಲ್ಲಿ ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ನೀರು ಪರೀಕ್ಷಿಸುವ ಕಿಟ್, ತರಬೇತಿ ಕೊಡುವ ವ್ಯವಸ್ಥೆ ಇದೆ. ಆದರೆ ಫಲಿತಾಂಶ ನಮ್ಮೂರಿನ ಗೋಡೆಗೆ ಬಂದಿಲ್ಲ. ಜಿಲ್ಲೆಯ ದಕ್ಷಿಣಕ್ಕೆ ತುಂಗಭದ್ರೆ, ಉತ್ತರಕ್ಕೆ ಹೋದರೆ ಕೃಷ್ಣೆ. ನದಿ ನೀರು ಪ್ರತಿ ಮನೆಗೂ ಬರಲಿ, ಅದೇ ಸರಿಯಾದ ಪರಿಹಾರ. ಅಲ್ಲಿಯವರೆಗೆ ನಾನು ಕೇಳುವುದು ಸಣ್ಣದು. ಪ್ರತಿ ಬೋರ್‌ವೆಲ್, ಟ್ಯಾಂಕ್ ಮತ್ತು ಘಟಕದ ಪಕ್ಕದಲ್ಲಿ ಫ್ಲೋರೈಡ್ ಪ್ರಮಾಣವನ್ನೂ ಪರೀಕ್ಷೆಯ ದಿನಾಂಕವನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಲೀಟರಿಗೆ 1.5 ಮಿಲಿಗ್ರಾಂನ ಮಿತಿ ದಾಟಿದ್ದರೆ ಕೆಂಪು ಬಣ್ಣದಲ್ಲಿ. ಘಟಕ ಕೆಟ್ಟ ದಿನದಿಂದ ಟ್ಯಾಂಕರ್ ನೀರು ಬರಬೇಕು, ಮೊದಲು ಅಂಗನವಾಡಿಗೆ.

ನಮ್ಮೂರ ಶಾಲೆಯ ಹಿಂದಿನ ಗೋಡೆಯ ಮೇಲೆ ನಾವು ಅಂದು ಬರೆಸಿದ ನಾರುಹುಣ್ಣಿನ ಬರಹದ ಒಂದೆರಡು ಅಕ್ಷರ ಇನ್ನೂ ಮಸುಕಾಗಿ ಕಾಣುತ್ತವೆ. ಪಕ್ಕದಲ್ಲಿ ಜಾಗವಿದೆ. ಬಣ್ಣ, ಕುಂಚ ನಾನೇ ತರುತ್ತೇನೆ. ಸಂಬಂಧಪಟ್ಟವರು ಅಂಕಿ ಕೊಡಲಿ.

– ನಿವೃತ್ತ ಆರೋಗ್ಯ ಸಹಾಯಕ, ಕೊಪ್ಪಳ ಜಿಲ್ಲೆ